ವರ್ತಮಾನ ಕಾಲದ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ಮನುಷ್ಯನಿಗೆ ನಗೆಪಾಟಲಾಗುವ ಅವಕಾಶಗಳು ಮನೆ ಹುಡುಕಿಕೊಂಡು ಬರುತ್ತವೆ. ತಮಿಳು ಸೀಮೆಗೆ ಸೇರಿದ ತಾಳವಾಡಿ ಬೆಟ್ಟದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಅವು ಸಾಲುಗಟ್ಟಿ ಬಂದವು. ಕಾರಣ, ಘಾಟಿ ಕೆಳಗಿನಿಂದ ವರ್ಗವಾಗಿ ಬಂದ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು. ನನಗಿಂತ ಹದಿನೈದು ವರ್ಷ ಚಿಕ್ಕವನು. ಮುಂದಿನ ವರ್ಷ ಹತ್ತನೇ ತರಗತಿ ಯಾರಿಗೆ ಎಂಬುದನ್ನು ಇನ್‌ಸ್ಪೆಕ್ಷನ್ನಿಗೆ ಬರುವ ಆಫೀಸರೇ ಹೇಳಲಿ ಎಂದು ಹೆಡ್‌ಮಾಸ್ಟರು ಕೈ ತೊಳೆದುಕೊಂಡರು. ಹನ್ನೊಂದು ವರ್ಷದಿಂದ ಆ ತರಗತಿ ನನ್ನದು. ಬಿಟ್ಟುಕೊಡುವುದುಂಟೇ?

೧. ಅಂಗಳದ ಪಾಠ

ನಾನು ಕ್ರಿಯಾಪದವನ್ನು ಬೋರ್ಡಿನ ಮೇಲೆ ಬರೆದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುವವನು. ‘ಐ ವಾಕ್, ಐ ಆಮ್ ವಾಕಿಂಗ್.’ ಹೊಸ ಮೇಷ್ಟ್ರು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ನಿಜವಾಗಿಯೇ ನಡೆಸಿಬಿಟ್ಟ. ದಿನಾ ನಡೆಯುವುದಾದರೆ ‘ಐ ವಾಕ್’ ಎನ್ನಬೇಕು, ಈಗ ನಡೆಯುತ್ತಿದ್ದರೆ ‘ಐ ಆಮ್ ವಾಕಿಂಗ್’. ನನ್ನ ತರಗತಿಯ ನಲವತ್ತು ಕತ್ತುಗಳೂ ಕಿಟಕಿಯ ಕಡೆ ತಿರುಗಿದವು.

“ಏನ್ಲಾ ಅದು ಅಲ್ಲಿ?” ಎಂದು ಗದರಿದೆ.

“ಪಾಟ ಸಾ,” ಎಂದ ಮುಂದಿನ ಬೆಂಚಿನವನು.

“ಅಂಗಾರ ಇಲ್ಲಿ ನಡೀತಿರದು ಏನ್ಲಾ?”

ಅವನು ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿ, “ಇದು ಇಸ್ಕೂಲು ಸಾ,” ಎಂದ.

೨. ಅವರೆಕಾಯಿ ಪಾಠ

ಹೊಟ್ಟೆ ಉರಿದುಹೋಯಿತು. ಮರುದಿನವೇ ಕಾಯಿ ಕೀಳುವುದಕ್ಕೆ ಇರುವ ‘ಪ್ಲಕ್’ ಆರಿಸಿಕೊಂಡು, ತರಗತಿಯನ್ನು ಪಕ್ಕದ ಅವರೆ ಹೊಲಕ್ಕೆ ಇಳಿಸಿದೆ. ತಲೆಗೆ ಎರಡೇ ಕಾಯಿ ಎಂದಿದ್ದೆ. ಆದರೆ ನಮ್ಮ ಮಕ್ಕಳು ಹೊಲದಲ್ಲೇ ಬೆಳೆದವರು. ಹಿಡಿದ ಸಾಲು ಮುಗಿಯದೆ ಸೊಂಟ ಎತ್ತಿ ಗೊತ್ತಿಲ್ಲ. ‘ಐ ಆಮ್ ಪ್ಲಕಿಂಗ್’ ಎನ್ನುತ್ತಲೇ ಅರ್ಧ ಹೊಲ ಬರಿದು ಮಾಡಿದರು. ಅಷ್ಟರಲ್ಲಿ ಹೊಲದ ಯಜಮಾನರು ಬಂದರು.

“ತಪ್ಪಾಯ್ತು ಯಜಮಾನ್ರೇ, ಮಕ್ಕಳು ಗೊತ್ತಾಗ್ದೆ…”

ಅವರು ಕಾಯಿಯ ರಾಶಿ ನೋಡಿದರು. “ಇರ್ಲಿ ಬುಡಿ ಮೇಷ್ಟ್ರೇ. ಉಳ್ದರ್ಧನ ನಾಳ ಮಾಡ್ಸಿ. ಮುಂದ್ಲ ವಾರ ಉರ್ಳಿ ಕೀಳದು ಅದ, ಅದ್ಕೂ ಏನಾರ ಪಾಟ ಅದಾ?”

೩. ಕೂಗುವ ಪಾಠ

ಇನ್‌ಸ್ಪೆಕ್ಷನ್ ದಿನ ಆಫೀಸರು ಮೊದಲು ಹೊಸ ಮೇಷ್ಟ್ರ ತರಗತಿ ನೋಡಿ ತಲೆದೂಗಿದರು. ನನಗೆ ಮೈಯೆಲ್ಲ ಉರಿ. ಅವನ ವಾಕಿಂಗನ್ನು ಮುಚ್ಚಿಹಾಕಬೇಕೆಂದು ಕೂಗುವುದಕ್ಕೆ ಇರುವ ‘ಶೌಟ್’ ತೆಗೆದುಕೊಂಡೆ. “ನಾಚ್ಕಬ್ಯಾಡಿ ಕಣ್ರಲಾ, ನಿಜವಾಗ್ಲೂ ಕೂಗಿ!”

ನಮ್ಮ ಮಕ್ಕಳಿಗೆ ಗೊತ್ತಿರುವುದು ಒಂದೇ ಕೂಗು. ಹೊಲಕ್ಕೆ ಆನೆ ಬಿದ್ದಾಗ ಕಾವಲಿನ ಅಟ್ಟಣೆಯಿಂದ ಹಾಕುವುದು. ಒಂದು ಹೊಲದವರು ಕೂಗಿದರೆ ಪಕ್ಕದವರೂ ಕೂಗಬೇಕು, ತಮಟೆ ಹಿಡಿದು ಓಡಿ ಬರಬೇಕು. ‘ಐ ಆಮ್ ಶೌಟಿಂಗ್’ ಎಂದವರೇ ನಲವತ್ತು ಮಂದಿ ಅದನ್ನೇ ಹಾಕಿದರು. ಪಕ್ಕದ ಹೊಲ ಓಗೊಟ್ಟಿತು. ಅದರಾಚೆಯದೂ ಓಗೊಟ್ಟಿತು. ದೊಡ್ಡಗಾಜನೂರಿನ ಕಡೆಯಿಂದಲೂ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲೇ ಅರ್ಧ ಊರು ತಮಟೆ, ತಗಡಿನ ಡಬ್ಬ, ಪಟಾಕಿ ಹಿಡಿದು ಅಂಗಳದಲ್ಲಿತ್ತು.

“ಎಲ್ಲಿ ಅವ? ಎಷ್ಟು ಅವ? ಮರಿ ಆನ ಅದಾ?”

ಆಫೀಸರಿಗೆ ಕನ್ನಡ ಬಾರದು. ಹೊಸ ಮೇಷ್ಟ್ರು ಬಿಳಿಚಿಕೊಂಡು, ಆನೆ ಬಂತೆಂದು ತಮಿಳಿನಲ್ಲಿ ಹೇಳಿದ. ಇಬ್ಬರೂ ಹುಣಸೆಮರದ ಕಡೆ ಓಡಿದರು. “ಆನೆ ಇಲ್ಲ ಸಾರ್, ಪಾಠ ಸಾರ್!” ಎಂದು ಹಿಂದೆಯೇ ಓಡಿದೆ. ತಮಟೆಯ ಮಧ್ಯೆ ಯಾರಿಗೆ ಕೇಳಬೇಕು? ಆಫೀಸರು ಬುಡ ತಬ್ಬಿಕೊಂಡು, ಮೇಲೆ ಹತ್ತಿಸೆಂದು ಕೈಸನ್ನೆ ಮಾಡುತ್ತಿದ್ದರು.

ಜನ ಚದುರಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆಫೀಸರೂ ಹೊಸ ಮೇಷ್ಟ್ರೂ ಒಂದೇ ಕೊಂಬೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಇಳಿಯುವ ಹೊತ್ತಿಗೆ ಪ್ರಾಣಸ್ನೇಹಿತರಾಗಿದ್ದರು. ಹತ್ತನೇ ತರಗತಿ ಅವನಿಗಾಯಿತು.

ಹೆಡ್‌ಮಾಸ್ಟರು ಸಮಾಧಾನ ಹೇಳಿದರು. “ಒಂದು ಕ್ಲಾಸು ಹೋದ್ರ ಹೋಗ್ಲಿ ಬುಡಿ ಮೇಷ್ಟ್ರೇ, ಅದ್ಕ್ಯಾಕ ಇಷ್ಟು ಉರ್ಕತೀರಿ?”

“ಕ್ಲಾಸು ಹೋದದ್ಕಲ್ಲ ಸಾರ್,” ಎಂದೆ. “ಆ ಕೊಂಬೆಗೆ ಇಬ್ರಿಗೂ ಹೆಗಲು ಕೊಟ್ಟು ಹತ್ತಿಸ್ದವನು ನಾನೇಯ.”