ಹಟ್ಟಿಯವರು ಓದದ ನನ್ನ ಬ್ಲಾಗು

ಸ್ವಂತ ಬ್ಲಾಗು ಇಟ್ಟುಕೊಂಡವರನ್ನು ಇಂಥ ಫಜೀತಿಗಳು ಹುಡುಕಿಕೊಂಡೇ ಬರುತ್ತವೆ. ಬರಲಿ, ನಾನೂ ಬಿಡುವವಳಲ್ಲ. ತಮಿಳುನಾಡಿನ ಬೆಟ್ಟಸೀಮೆಯಲ್ಲಿ, ಮಂಜೂರಿನಿಂದ ಮೇಲೆ, ದಿನಕ್ಕೆ ಮೂರೇ ಸಲ ಬಸ್ಸು ಬರುವ ಹಟ್ಟಿಯಲ್ಲಿ ಅಂಚೆ ಕಚೇರಿ ನೋಡಿಕೊಳ್ಳುವುದು ನನ್ನ ಕೆಲಸ. ಮೂರು ವರ್ಷದಿಂದ ಪ್ರತಿ ಭಾನುವಾರ ಹಟ್ಟಿಯ ಸುದ್ದಿಯನ್ನು ಸ್ವಂತ ಲಿಪಿಯಿಲ್ಲದ ನಮ್ಮ ಮನೆಮಾತಿನಲ್ಲಿ, ತಮಿಳು ಅಕ್ಷರದಲ್ಲಿ ಬರೆದು ಬ್ಲಾಗಿಗೆ ಹಾಕುತ್ತೇನೆ. ಓದುವವರು ಎಲ್ಲೆಲ್ಲೋ ಇದ್ದಾರೆ, ಹಟ್ಟಿಯಲ್ಲಿ ಮಾತ್ರ ಒಬ್ಬರೂ ಇಲ್ಲ. ಯಾರಿಗೋಸ್ಕರ ಬರೆಯುತ್ತೇನೋ ಅವರೇ ಓದುವುದಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೆ? "ಯಾರು ಓದ್ತಾರೆ ಅಂತ ಬರೀತೀಯ?" ಎಂದು ನಮ್ಮ ಯಜಮಾನರು ವಾರಕ್ಕೊಮ್ಮೆ ಕೇಳುತ್ತಾರೆ. ಹಟ್ಟಿಯವರಿಗೆ ಓದಿಸಿಯೇ ತೀರುತ್ತೇನೆ ಎಂದು ನಾನೂ ವಾರಕ್ಕೊಮ್ಮೆ ಹೇಳುತ್ತೇನೆ.

ಒಡೆಯನಿಲ್ಲದ ಜಾಲ

ದೊಡ್ಡ ಕಂಪನಿಯವರ ಸಾಮಾಜಿಕ ಜಾಲಕ್ಕೆ ಹೋಗು, ಹಟ್ಟಿಯವರೆಲ್ಲ ಅಲ್ಲೇ ಇದ್ದಾರೆ ಎಂದು ಎಲ್ಲರೂ ಬುದ್ಧಿ ಹೇಳಿದರು. ಒಂದು ತಿಂಗಳು ಹೋಗಿಯೂ ನೋಡಿದೆ. ಸತ್ತವರ ಬಗ್ಗೆ ಎರಡು ಮಾತು ಬರೆದರೆ ಅದರ ತಲೆಯ ಮೇಲೆ ಹಿಮ್ಮಡಿ ಒಡೆತಕ್ಕೆ ಹಚ್ಚುವ ಮುಲಾಮಿನ ಜಾಹೀರಾತು ಬಂತು. ನನಗೆ ಕೆಟ್ಟ ಸಿಟ್ಟು ಬಂದು ಅವತ್ತೇ ಹೊರಬಿದ್ದು, ಒಡೆಯನೇ ಇಲ್ಲದ ಇನ್ನೊಂದು ಜಾಲಕ್ಕೆ ಸೇರಿಕೊಂಡೆ.

ಅದೇನು ಎಂದು ನನ್ನ ಅತ್ತೆಗೆ ವಿವರಿಸಬೇಕಾಯಿತು. ಅವರನ್ನು ನಾವು ಮಾಮಿ ಅನ್ನುತ್ತೇವೆ. ಮಾಮೀ, ಅಲ್ಲಿ ಒಂದೊಂದು ಗುಂಪಿಗೂ ಅದರದೇ ಜಾಗ, ಅದರದೇ ಯಜಮಾನ, ಅದರದೇ ಕಟ್ಟುಪಾಡು, ಆದರೆ ಎಲ್ಲರೂ ಎಲ್ಲರ ಜೊತೆ ಮಾತಾಡಬಹುದು ಅಂದೆ. ನಮ್ಮ ಹಟ್ಟಿಗಳೂ ಹಾಗೇ ಅಲ್ಲವಾ, ಇದರಲ್ಲಿ ಹೊಸದೇನು ಅಂದರು. ಒಂದು ಜಾಗದವರು ಕೆಟ್ಟದಾಗಿ ನಡೆದುಕೊಂಡರೆ ಉಳಿದವರು ಅವರ ಜೊತೆ ಮಾತು ಬಿಡುತ್ತಾರೆ ಎಂದೂ ಹೇಳಿದೆ. ಮಾಮಿ ಬೀನ್ಸ್ ಬುಟ್ಟಿ ಹತ್ತಿರ ಎಳೆದುಕೊಂಡು ಕೇಳಿದರು.

"ಹೆಣ್ಣು ಕೊಟ್ಟು ತರೋದನ್ನೂ ನಿಲ್ಲಿಸ್ತಾರಾ?"

ಅದೆಲ್ಲ ಅಲ್ಲಿ ಇಲ್ಲ ಅಂದೆ.

"ಹಾಗಾದ್ರೆ ಅವರಿಗೆ ಬುದ್ಧಿ ಬರಲ್ಲ ಬಿಡು" ಎಂದು ಬೀನ್ಸ್ ಬಿಡಿಸಲು ಕೂತರು.

ಮೆಣಸಿನ ಗೋದಾಮು

ಈ ಜಾಲದಲ್ಲಿ ನಾನಿರುವ ಜಾಗವನ್ನು ನಡೆಸುವವರು ಗೂಡಲೂರಿನ ಒಬ್ಬ ಮಲಯಾಳಿ ಮೆಣಸಿನ ವ್ಯಾಪಾರಿ. ಅವರ ಗೋದಾಮಿನ ಮೂಲೆಯಲ್ಲಿರುವ ಒಂದು ಕಂಪ್ಯೂಟರೇ ನಮಗೆಲ್ಲ ಆಸರೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಎಲ್ಲರ ಬಾಯಿಯೂ ಬಂದಾಯಿತು. ಬ್ಲಾಗಿನ ವಿಳಾಸವನ್ನು ನಾನೇ ದುಡ್ಡು ಕೊಟ್ಟು ಕೊಂಡು, ಅದನ್ನು ಬೇರೆ ಕಡೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದರಿಂದ ಅದು ಉಳಿಯಿತು. ಆದರೆ ಹೊಸದಾಗಿ ಬರೆದದ್ದನ್ನು ಜನರಿಗೆ ತಿಳಿಸುವ ದಾರಿಯೇ ಇಲ್ಲ. ಕಂಪ್ಯೂಟರ್ ಸುಟ್ಟುಹೋಯಿತಾ ಎಂದು ಗಾಬರಿಯಿಂದ ಫೋನ್ ಮಾಡಿದೆ.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಗೋದಾಮು ಸೋರಿ ಮೆಣಸಿನ ಮೂಟೆಗಳು ನೆನೆದಿದ್ದವು. ಕಂಪ್ಯೂಟರನ್ನು ತಣ್ಣಗಿಡಲು ಇಟ್ಟಿದ್ದ ಫ್ಯಾನನ್ನು ಅವರು ಮೆಣಸು ಒಣಗಿಸಲು ಒಯ್ದು, ಕಂಪ್ಯೂಟರನ್ನು ಆರಿಸಿಬಿಟ್ಟಿದ್ದರು. ಅರವತ್ತು ಜನ ಕಾಯುತ್ತಿದ್ದೇವೆ ಎಂದು ರೇಗಿದೆ.

"ಚೇಚೀ, ಮಾತು ನಾಲ್ಕು ದಿನ ಇಟ್ಟರೂ ಕೆಡಲ್ಲ. ಮೆಣಸು ಬೂಷ್ಟು ಹಿಡಿಯುತ್ತೆ."

ಹಾಗಾದರೆ ಒಂದು ಕಿಲೋ ಮೆಣಸು ಕಳಿಸಿ ಅಂದೆ.

ಚಿತ್ರಕ್ಕೊಂದು ವಿವರ

ಈ ಜಾಲದಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಫೋಟೋ ಹಾಕಿದರೆ, ಕಣ್ಣು ಕಾಣದವರಿಗೂ ತಿಳಿಯುವ ಹಾಗೆ ಅದರಲ್ಲಿ ಏನಿದೆ ಎಂದು ಬರೆಯಬೇಕು. ಪಕ್ಕದ ಮನೆ ಅಕ್ಕ ಟೀ ಎಲೆ ಕೀಳುತ್ತಿದ್ದ ಫೋಟೋ ತೆಗೆದೆ. ಏನು ಬರೆಯಲಿ ಎಂದು ಅವರನ್ನೇ ಕೇಳಿದ್ದು ನನ್ನ ತಪ್ಪು.

ಸೀರೆ ಹೊಸದು ಅಂತ ಬರಿ ಅಂದರು, ಬರೆದೆ. ಮೊದಲಿಗಿಂತ ಸಣ್ಣಗಾಗಿದ್ದಾಳೆ ಅಂತ ಬರಿ ಅಂದರು, ಮನಸ್ಸು ಕಲ್ಲು ಮಾಡಿಕೊಂಡು ಅದನ್ನೂ ಬರೆದೆ. ಅವರ ಹಿಂದೆಯೇ ಬುಟ್ಟಿ ಹೊತ್ತು ಅವರ ಓರಗಿತ್ತಿ ನಿಂತಿದ್ದರು. ಇಬ್ಬರಿಗೂ ಮಾತು ಬಿಟ್ಟು ವರ್ಷವಾಗಿತ್ತು. ಇವರ ಬಗ್ಗೆ ಏನು ಬರೆಯಲಿ ಅಂದೆ.

"ಕಣ್ಣು ಕಾಣದವರಿಗೆ ಅವಳನ್ನ ಯಾಕೆ ತೋರಿಸ್ಬೇಕು?"

ಇಷ್ಟೆಲ್ಲ ಬರೆಸಿದವರು ಆಮೇಲಾದರೂ ಓದಿದರಾ? ಪುರುಸೊತ್ತಿಲ್ಲ ಅಂದರು.

ಊರಕಟ್ಟೆಯ ತೀರ್ಪು

ಹಟ್ಟಿಯ ಮದುವೆ ಹಾಲ್‌ಗೆ ಹಂಚು ಹಾಕುವುದೋ ಶೀಟು ಹಾಕುವುದೋ ಎಂದು ಹಿರಿಯರು ಮೂರು ಗಂಟೆ ಜಗಳವಾಡಿ, ಏನೂ ತೀರ್ಮಾನವಾಗದೆ ಮನೆಗೆ ಹೋದದ್ದನ್ನು ಬರೆದೆ. ಎರಡು ದಿನ ಬಿಟ್ಟು ಹಟ್ಟಿಯ ಗೌಡರಿಂದ ಕರೆ ಬಂತು, ಊರಕಟ್ಟೆಗೆ ಬರಬೇಕಂತೆ. ಕಟ್ಟೆಯಲ್ಲಿ ಆದ ಮಾತನ್ನು ಮೀರಿದವರನ್ನು ನಾನು ನೋಡಿಲ್ಲ. ಬ್ಲಾಗು ಮುಚ್ಚು ಅಂದರೆ ನನ್ನ ಮೂರು ವರ್ಷ ನೀರುಪಾಲು. ಮುಚ್ಚಲ್ಲ ಅಂತಲೇ ಹೇಳುವುದು, ಆದದ್ದಾಗಲಿ ಎಂದು ಸೆರಗು ಸಿಕ್ಕಿಸಿಕೊಂಡು ಹೋದೆ.

ಗೌಡರಿಗೆ ನಾನು ಬರೆದದ್ದರ ಬಗ್ಗೆ ಸಿಟ್ಟೇ ಇರಲಿಲ್ಲ. ಕೂಕಲ್ತೊರೈ ಹಟ್ಟಿಯಲ್ಲಿರುವ ಅವರ ಬೀಗರು ಬ್ಲಾಗು ಓದಿ, ಹಂಚೋ ಶೀಟೋ ಎಂದು ಫೋನಿನಲ್ಲಿ ಕೇಳಿದ್ದರಂತೆ. ನಮ್ಮಲ್ಲಿ ಸಾವಿರಲಿ ಮದುವೆ ಇರಲಿ, ಸುದ್ದಿ ಮೊದಲು ಗೌಡರ ಮನೆಗೆ, ಆಮೇಲೆ ಮನೆಮನೆಗೆ, ಕೊನೆಗೆ ಹೊರಗಿನ ಹಟ್ಟಿಗಳಿಗೆ. ನಾನು ಆ ಸಾಲು ತಪ್ಪಿಸಿದ್ದೆ.

"ನೀನು ಬರೆದಿದ್ದು ಕೂಕಲ್ತೊರೈಯವರು ಓದಿದ ಮೇಲೆ ನಮಗೆ ಗೊತ್ತಾಗ್ಬೇಕೇನಮ್ಮಾ? ಇನ್ನು ಮೇಲೆ ಭಾನುವಾರ ಇಲ್ಲಿ ಬಂದು ಓದು. ನಾವು ಹೂಂ ಅಂದ ಮೇಲೆ ಹಾಕು."

ಮುಚ್ಚಲ್ಲ ಅನ್ನಲು ತೆರೆದ ಬಾಯಿ ತೆರೆದೇ ಇತ್ತು. ಓದಿ, ಸ್ವಲ್ಪ ಓದಿ ಎಂದು ಮೂರು ವರ್ಷ ಗೋಗರೆದರೂ ತಿರುಗಿ ನೋಡದ ಜನ ಈಗ ಅಪ್ಪಣೆ ಮಾಡಿ ಓದಿಸುತ್ತಿದ್ದಾರೆ. ಅಳುವೇ ಬಂತು ನನಗೆ.

ಭಾನುವಾರ ನಾಲ್ಕು ಪುಟ ಬರೆದುಕೊಂಡು ಹೋದೆ. ಕಟ್ಟೆ ತುಂಬಿತ್ತು, ಯಜಮಾನರೂ ಹಿಂದೆ ನಿಂತಿದ್ದರು. ಹಸು ತೋಟಕ್ಕೆ ನುಗ್ಗಿದ ಸಂಗತಿ ಓದಿದೆ, ಹಸುವಿನವರು ತೆಗಿ ಅಂದರು. ಬಸ್ಸಿನ ಸಂಗತಿ ಡ್ರೈವರಿನ ಮಾವನಿಗೆ ಸರಿಬೀಳಲಿಲ್ಲ. ಹಂಚು, ಶೀಟು ಅನ್ನುತ್ತಲೇ ಹಳೇ ಜಗಳ ಮೊದಲಿನಿಂದ ಶುರುವಾಯಿತು. ಹೀಗೆ ಹೊಡೆದುಹಾಕುತ್ತಾ ಹಾಕುತ್ತಾ ಎರಡು ಗಂಟೆಯಾದ ಮೇಲೆ ಒಂದೇ ಒಂದು ವಾಕ್ಯ ಉಳಿಯಿತು: ಈ ವಾರ ಹಟ್ಟಿಯಲ್ಲಿ ಒಳ್ಳೆ ಮಳೆ.

ಇದಕ್ಕೆ ಯಾರ ತಕರಾರೂ ಇಲ್ಲ ತಾನೆ ಎಂದು ಗೌಡರು ಕೇಳಿದರು. ಕಟ್ಟೆಯ ಸುತ್ತ ಒಮ್ಮೆ ನೋಡಿ ಹಾಕಮ್ಮಾ ಅಂದರು. ನಾನು ಫೋನಿನ ಮೇಲೆ ಬೆರಳು ಇಡಬೇಕು, ಅಷ್ಟರಲ್ಲಿ ಹಿಂದಿನಿಂದ ನಮ್ಮ ಯಜಮಾನರು ಕೈ ಎತ್ತಿದರು.

"ನಮ್ಮ ತೋಟದ ಕಡೆ ಬಿದ್ದಿಲ್ಲ. ನಾಳೆ ಓದಿದವರು ಏನಂದ್ಕೋತಾರೆ?"