ಎಟ್ಟು, ಎತ್ತು ಮತ್ತು ಮಾವನ ಕರಿಹಲಗೆ

ನಮ್ಮ ಸೋದರಮಾವನಿಗೆ ದೇವರಿಗಿಂತ ಒಂದು ಕರಿಹಲಗೆಯ ಮೇಲೆ ಹೆಚ್ಚು ನಂಬಿಕೆಯಿತ್ತು ಎಂದರೆ ನೀವು ನಗುತ್ತೀರಿ. ನಗಿ! ನಮ್ಮೂರು ಕೆಲಮಂಗಲದಲ್ಲಿ ನಗದವರೇ ಇರಲಿಲ್ಲ.

ಎಂಬತ್ತರ ದಶಕದ ಶುರು. ಬೆಳಿಗ್ಗೆ ಹೊಲಕ್ಕೆ ನೀರು ಕಟ್ಟಿ, ಆಮೇಲೆ ಬಸ್ಸು ಹಿಡಿದು ಹೊಸೂರಿನ ಒಂದು ಸಣ್ಣ ಫ್ಯಾಕ್ಟರಿಗೆ ಮೇಸ್ತ್ರಿ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಮೂರು ಮಿಷನ್ನು, ನಡೆಸುವವರಿಗೆ ಮೂರು ಭಾಷೆ. ಸೆಟ್ಟಿಂಗನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. ಒಂದು ದಿನ ತಮಿಳಿನವರು ಎಂಟಕ್ಕೆ ಇಡು ಅಂತ ‘ಎಟ್ಟು’ ಎಂದು ಕೂಗಿದರೆ, ಆ ಗದ್ದಲದಲ್ಲಿ ನಮ್ಮ ಕನ್ನಡದವನಿಗೆ ಕೇಳಿಸಿದ್ದು ‘ಎತ್ತು’! ಪಾಪ, ಡ್ರಿಲ್ಲನ್ನು ಮೇಲಕ್ಕೆತ್ತಿ ಊಟದ ಬೆಲ್ಲಿನವರೆಗೂ ಕಾಯುತ್ತಾ ನಿಂತಿದ್ದನಂತೆ.

ಮಾರನೆಯ ದಿನವೇ ಮಾವ ಮೂರು ಮಿಷನ್ನಿಗೂ ಕಾಣುವಂತೆ ಗೋಡೆಗೊಂದು ಕರಿಹಲಗೆ ತಗುಲಿಹಾಕಿದರು. ಬರೀ ಅಂಕಿ. ಯಾರೂ ಕೂಗಬಾರದು, ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳಬಾರದು. ಹಲಗೆಯಲ್ಲಿದ್ದದ್ದೇ ಎಲ್ಲರಿಗೂ; ಬದಲಾದರೆ ಅಲ್ಲೊಂದೇ ಕಡೆ ಬದಲಾಗಬೇಕು. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಸಲೀಸಾಗಿ ಕೂರತೊಡಗಿತು. ಅಷ್ಟಕ್ಕೇ ಸುಮ್ಮನಾದರೆ ಅವರು ನಮ್ಮ ಮಾವನೇ?

ಅಡುಗೆಮನೆಗೂ ಹಲಗೆ ಬಂತು. ಸಾರಿಗೆ ಉಪ್ಪು ಮೂರು ಚಮಚ, ಅಲಾರಂ ಐದಕ್ಕೆ, ಎಮ್ಮೆಗೆ ಹಿಂಡಿ ಎರಡು ಸೇರು. ಓದು ಬಾರದ ಅತ್ತೆಗೆಂದು ಪಕ್ಕದಲ್ಲೇ ಚಿತ್ರ. ಎಮ್ಮೆಯೂ ಅಲಾರಂ ಗಡಿಯಾರವೂ ಒಂದೇ ಥರ ಇದ್ದವು! ಅಂತೂ ಅತ್ತೆ ಅಂಕಿ ಕಲಿತದ್ದು ಹಾಗೆ. ಸೀಮೆಸುಣ್ಣ ಮಾತ್ರ ಸದಾ ಮಾವನ ಜೇಬಿನಲ್ಲಿ.

ಒಮ್ಮೆ ಮಾವ ತಲೆ ಸುತ್ತಿ ಬಿದ್ದರು. ಬಿ.ಪಿ. ಏರಿದೆ, ಉಪ್ಪು ಇಳಿಸದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ನಮ್ಮಮ್ಮ ಬೈದಳು, ಅತ್ತೆ ಅತ್ತರು. ಮಾವನದು ಒಂದೇ ಉತ್ತರ:

“ಹಲಗೇಲಿ ಮೂರೈತೆ.”

ಆ ಭಾನುವಾರ ಮೊದಲ ತುತ್ತಿಗೇ ಮಾವ ಮುಖ ಕಿವುಚಿ ಹಲಗೆ ನೋಡಿದರು. ಮೂರು ಇರಲಿಲ್ಲ. ವೀಳ್ಯದೆಲೆಗೆ ಹಚ್ಚುವ ಸುಣ್ಣದಲ್ಲಿ, ಬೆರಳಿನಿಂದ ಬರೆದ ಸೊಟ್ಟ ‘ಒಂದು’ ಇತ್ತು.

“ಯಾರು ಬರ್ದಿದ್ದು?”

“ನಾನೇ,” ಎಂದರು ಅತ್ತೆ. “ಹಲಗೇಲಿರೋದು ಎಲ್ರಿಗೂ ಒಂದೇ ಅಂದೋರು ನೀವೇ ಅಲ್ವಾ?”

ಮಾವ ಸಪ್ಪೆ ಸಾರಲ್ಲಿ ಮುದ್ದೆ ಪೂರ್ತಿ ಉಂಡರು. ಕೈ ತೊಳೆದು ಬಂದು, ಜೇಬಿನ ಸೀಮೆಸುಣ್ಣ ತೆಗೆದು ಅತ್ತೆಯ ಅಂಗೈಯಲ್ಲಿಟ್ಟರು. ಸೋಮವಾರ ಫ್ಯಾಕ್ಟರಿಯಲ್ಲಿ ಮೂರೂ ಮಿಷನ್ನು ನಿಲ್ಲಿಸಿ, ಎದೆಯುಬ್ಬಿಸಿ ಹೇಳಿದರಂತೆ:

“ನಮ್ಮನೆ ಸೆಟ್ಟಿಂಗು ಇನ್ಮೇಲೆ ನಮ್ಮಾಕೆ ಬರೀತಾಳೆ ಕಣ್ರಲಾ. ಅವಳಿಗೆ ಬರಿಯೋಕೆ ಬತ್ತದೆ.”