ಬುಟ್‌ಬುಡಿ ಎಂಬ ಪದದ ಅರ್ಥ ತಿಳಿಸಿಕೊಡುವ ಬಗ್ಗೆ

ಇವರಿಗೆ,
ಮಾನ್ಯ ಮುಖ್ಯಸ್ಥರು,
ಆಟಗಾರರ ಮಾನವೀಯ ಮುಖ ವಿಭಾಗ,
ಸಿಡಿಲು ಕಬಡ್ಡಿ ತಂಡದ ಕಂಪನಿ.

ಮಾನ್ಯರೇ,

ಚಾಮರಾಜನಗರದ ಕಚೇರಿಗಳ ಮುಂದೆ ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು, ಪರರ ಕಷ್ಟವನ್ನು ಸರ್ಕಾರಕ್ಕೆ ಅರ್ಥವಾಗುವ ಕನ್ನಡಕ್ಕೆ ತರುವುದನ್ನೇ ಕಸುಬು ಮಾಡಿಕೊಂಡಿರುವ, ಹಾಗೂ ಹುಟ್ಟೂರು ಗುಂಡ್ಲುಪೇಟೆಯ ಮಾದೇಶ್ ಅಭಿಮಾನಿ ಬಳಗಕ್ಕೆ ಗೌರವ ಕಾರ್ಯದರ್ಶಿಯೂ ಆಗಿರುವ ಅರ್ಜಿ ಬರೆಯುವ ಪುಟ್ಟರಾಜು ಎಂಬ ನಾನು ತಮಗೂ, ತಮ್ಮ ಕ್ಯಾಮೆರಾಗಳಿಗೂ, ತಮ್ಮ ವಿಡಿಯೋಗಳ ಹಿಂದೆ ಸದಾ ಅಳುತ್ತಿರುವ ಆ ಕೊಳಲಿಗೂ ತಲೆಬಾಗಿ ನಮಸ್ಕರಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಎರಡು ಮಂಡಿಗಳೂ ಕ್ಷೇಮವಾಗಿರಲಿ ಎಂದು ವಿಶೇಷವಾಗಿ ಹಾರೈಸುತ್ತೇನೆ, ಏಕೆಂದರೆ ಈ ಬಹಿರಂಗ ಪತ್ರ ಒಂದು ಮಂಡಿಯ ವಿಚಾರವಾಗಿಯೇ ಇದೆ.

ಸಂಗತಿ ಇಷ್ಟು. ಉಡಿಗಾಲದ ಮರಿಮಲ್ಲಪ್ಪನವರ ಮಗ, ತಮ್ಮ ತಂಡದ ರೈಡರ್ ಮಾದೇಶನ ಬಲ ಮಂಡಿ ಕೆಟ್ಟಿದೆ. ಬರುವ ಭಾನುವಾರ ತಮ್ಮ ಸೆಮಿಫೈನಲ್ ಇದೆ. ಅವನನ್ನು ಆಡಿಸಬೇಡಿ, ಮನೆಗೆ ಕಳಿಸಿ ಎಂದು ಅವನ ತಾಯಿ ಚಿಕ್ಕಮಲ್ಲಮ್ಮನವರು ತಮ್ಮ ಕ್ಯಾಮೆರಾದ ಮುಂದೆಯೇ ಕೈಮುಗಿದು ಬೇಡಿಕೊಂಡರು. ತಾವು ಅದನ್ನು ಮುಚ್ಚಿಡಲಿಲ್ಲ, ಇಡೀ ನಾಡಿಗೇ ತೋರಿಸಿದಿರಿ. ತೋರಿಸಿದ ರೀತಿಯ ಬಗ್ಗೆ ನನ್ನದೊಂದು ಸಣ್ಣ ದೂರಿದೆ.

ದೂರಿಗೆ ಮೊದಲು ಮೆಚ್ಚುಗೆ ಹೇಳುವುದು ನನ್ನ ಕಸುಬಿನ ಪದ್ಧತಿ. ಆಟಗಾರರ ಮಾನವೀಯ ಮುಖ ಕಂಡರೆ ಜನ ಅವರನ್ನು ಇನ್ನಷ್ಟು ಹಚ್ಚಿಕೊಳ್ಳುತ್ತಾರೆ ಎಂಬ ತಮ್ಮ ಶೋಧನೆ ನೂರಕ್ಕೆ ನೂರು ಸತ್ಯ, ಅದಕ್ಕೆ ನಮ್ಮ ಗುಂಡ್ಲುಪೇಟೆ ಬಸ್ ನಿಲ್ದಾಣವೇ ಸಾಕ್ಷಿ. ಮಾದೇಶ್ ಮೊದಲಿನಿಂದಲೂ ಚೆನ್ನಾಗಿಯೇ ಆಡುತ್ತಿದ್ದ. ನಾವು ಚಪ್ಪಾಳೆ ತಟ್ಟುತ್ತಿದ್ದೆವು, ಟಿವಿ ಆರಿಸುತ್ತಿದ್ದೆವು, ಊಟ ಮಾಡಿ ಮಲಗುತ್ತಿದ್ದೆವು. ಹೀಗಿರುವಾಗ ಒಂದು ದಿನ ಅವನು ಬಾಳೆಹಣ್ಣಿನ ಚಿಪ್ಪು ಹಿಡಿದು ಊರಿಗೆ ಬಸ್ಸು ಕಾಯುತ್ತಿದ್ದಾಗ ಒಂದು ಕೋತಿ ಬಂದು ಎದುರಿಗೆ ಕೂತಿತು. ಏಳು ಜನ ಸೇರಿದರೂ ಹಿಡಿಯಲಾಗದ ಆಸಾಮಿ ಹಣ್ಣು ಬಿಸಾಕಿ, ‘ಅಮ್ಮೋ’ ಎಂದು ಕಲ್ಲುಬೆಂಚಿನ ಮೇಲೆ ಹತ್ತಿಬಿಟ್ಟ. ಸೊಪ್ಪು ಮಾರುವ ಮುದುಕಿಯೊಬ್ಬಳು ಕೋಲೆತ್ತಿಕೊಂಡು ಬಂದು ಕೋತಿಯನ್ನು ಓಡಿಸಿ, ‘ಇಳೀಲಾ ಕೆಳಿಕೆ, ಕೋತಿ ಓಯ್ತು ಬುಡು!’ ಎಂದು ಅವನ ಕಾಲಿಗೆ ಮೆಲ್ಲಗೆ ಒಂದು ಬಿಟ್ಟಳು. ಕೇರಳದ ಬತ್ತೇರಿ ಕಡೆಗೆ ಹೊರಟಿದ್ದ ಯಾರೋ ಮಲಯಾಳಿ ಪ್ರಯಾಣಿಕ ಅದನ್ನೆಲ್ಲ ಫೋನಿನಲ್ಲಿ ಹಿಡಿದು, ‘ಅಯ್ಯೋ ಮೋನೇ’ ಎಂದು ನಗುವ ತನ್ನ ದನಿಯ ಸಮೇತ ಜಗತ್ತಿಗೆ ಬಿಟ್ಟ.

ಅವತ್ತಿನಿಂದ ಮಾದೇಶ್ ನಮ್ಮ ಮನೆಯ ಹುಡುಗನಾದ. ಅಂಕ ತರುವವನನ್ನು ಮೆಚ್ಚಬಹುದು, ಆದರೆ ಕೋತಿಗೆ ಹೆದರಿ ಬೆಂಚು ಹತ್ತಿದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀ ಕುಡಿಸಬೇಕು ಅನ್ನಿಸುತ್ತದೆ. ಅಭಿಮಾನಿ ಬಳಗ ಶುರುವಾದದ್ದೇ ಆ ವಾರ. ಅವನು ಸೋತಾಗಲೂ ನಮಗೆ ಸಿಟ್ಟು ಬರುತ್ತಿರಲಿಲ್ಲ, ಊಟ ಮಾಡಿದನೋ ಇಲ್ಲವೋ ಎಂಬ ಯೋಚನೆ ಬರುತ್ತಿತ್ತು. ಇದನ್ನು ಕಂಡೇ ತಾವು ಪ್ರತ್ಯೇಕ ವಿಭಾಗ ತೆರೆದು, ಕೋತಿ ಪುಕ್ಕಟೆಯಾಗಿ ಮಾಡಿದ ಕೆಲಸಕ್ಕೆ ಸಂಬಳದ ಮುಖ್ಯಸ್ಥರಾಗಿ ನೇಮಕಗೊಂಡಿರೆಂದು ಕೇಳಿ ಬಳಗವು ಹರ್ಷ ವ್ಯಕ್ತಪಡಿಸಿತು.

ಮಾನ್ಯರೇ, ಒಂದು ಲೆಕ್ಕಕ್ಕೆ ತಾವೂ ನಾನೂ ಒಂದೇ ಕಸುಬಿನವರು. ಬರೀ ‘ರಜೆ ಬೇಕು’ ಎಂದು ಬರೆದರೆ ಯಾವ ಸಾಹೇಬರೂ ಕೊಡುವುದಿಲ್ಲ, ‘ವಯೋವೃದ್ಧ ತಾಯಿಯವರು ಹಾಸಿಗೆ ಹಿಡಿದಿದ್ದು’ ಎಂದು ಸೇರಿಸಬೇಕು, ಆ ತಾಯಿ ನನ್ನ ಮೇಜಿನ ಪಕ್ಕದಲ್ಲೇ ನಿಂತು ಕಡಲೆಕಾಯಿ ತಿನ್ನುತ್ತಿದ್ದರೂ ಸೇರಿಸಬೇಕು. ಆದ್ದರಿಂದ ತಮ್ಮ ತಂಡದವರು ಉಡಿಗಾಲಕ್ಕೆ ಬಂದು ಮಾಡಿದ ಕೆಲಸವನ್ನು ನಾನು ಕಸುಬುದಾರನ ಕಣ್ಣಿನಿಂದಲೇ ನೋಡಿದೆ. ಮರಿಮಲ್ಲಪ್ಪನವರದು ತಾರಸಿ ಮನೆ, ಬಾಗಿಲಲ್ಲಿ ಟ್ರ್ಯಾಕ್ಟರು, ಅಂಗಳದ ತುಂಬ ಬೇಯಿಸಿ ಒಣಹಾಕಿದ ಅರಿಶಿನ. ತಮ್ಮವರು ಇದನ್ನೆಲ್ಲ ಕಂಡು ಸಾವಿನ ಮನೆಗೆ ಬಂದವರಂತೆ ಮುಖ ಸಪ್ಪಗೆ ಮಾಡಿಕೊಂಡರು. ಆಮೇಲೆ ಹಿತ್ತಲಿನ ದನದ ಕೊಟ್ಟಿಗೆ ಕಣ್ಣಿಗೆ ಬಿದ್ದು ಜೀವ ಬಂತು. ಹಸುಗಳನ್ನು ಬಿಸಿಲಿಗೆ ಕಟ್ಟಿಸಿ, ಮಾದೇಶನನ್ನು ಗೋದಲಿಯ ಪಕ್ಕ ಹರಕು ಚಾಪೆಯ ಮೇಲೆ ಮಲಗಿಸಿ, ‘ಈ ಸೂರಿನಡಿ ಒಂದು ಕನಸು ಹುಟ್ಟಿತು’ ಎಂದು ಬರೆದರು. ಆ ಸೂರಿನಡಿ ಈವರೆಗೆ ಹುಟ್ಟಿರುವುದು ಕರುಗಳು ಮಾತ್ರ ಎಂಬುದನ್ನು ದಾಖಲೆಗಾಗಿ ತಿಳಿಸಬಯಸುತ್ತೇನೆ.

ವಿಡಿಯೋ ನೋಡಿದ ಕುದೇರಿನ ನೆಂಟರು ಕಣ್ಣೀರಿಟ್ಟು ಒಂದು ಮೂಟೆ ಅಕ್ಕಿ ಕಳಿಸಿದರು. ಮರಿಮಲ್ಲಪ್ಪನವರು ಅವರ ಜೊತೆ ಮಾತು ಬಿಟ್ಟಿದ್ದಾರೆ. ‘ಅಲ್ಲ ಕಣಯ್ಯ, ಕೊಟ್ಗೆಯ ನಮ್ಮನೆ ಅಂತ ತೋರ್ಸ್‌ಬುಟ್ರಲ್ಲ, ಇನ್ನು ಅರಿಸ್ನದ ಮಾರ್ಕೆಟ್ಗೆ ಯಾವ್ ಮೊಕ ಇಟ್ಕಂಡು ಓಗ್ಲಿ ನಾನು?’ ಎಂದು ನನ್ನನ್ನೇ ಗದರಿದರು, ಬಳಗದ ಕಾರ್ಯದರ್ಶಿ ಎಂಬ ತಪ್ಪಿಗೆ. ಇಷ್ಟರವರೆಗೂ ನಾನು ತಮ್ಮ ಪಕ್ಷವೇ ಇದ್ದೆ. ಹುಡುಗನ ಹೆಸರು ಬೆಳೆಯುತ್ತದಲ್ಲ, ಒಂದು ಕೊಟ್ಟಿಗೆ ಹೋದರೆ ಹೋಗಲಿ ಎಂದು ಅವರಿಗೇ ಸಮಾಧಾನ ಹೇಳಿದೆ.

ಆಮೇಲೆ ಮಂಡಿಯ ಪ್ರಕರಣ ಬಂತು. ಹೋದ ತಿಂಗಳು ಎದುರಾಳಿಗಳು ಕಾಲು ಹಿಡಿದೆಳೆದಾಗ ಅವನ ಮಂಡಿ ತಿರುಚಿಕೊಂಡಿತು. ತೆವಳುತ್ತಾ ಹೋಗಿ ಗೆರೆ ಮುಟ್ಟಿದ. ತಾವು ಆ ತೆವಳುವಿಕೆಯನ್ನು ನಿಧಾನ ಮಾಡಿ, ಕೊಳಲು ಸೇರಿಸಿ ಬಿಟ್ಟಾಗ, ಅವನು ಗೆದ್ದ ಯಾವ ಪಂದ್ಯವನ್ನೂ ನೋಡದಷ್ಟು ಜನ ಅದನ್ನು ನೋಡಿದರು. ಮೈಸೂರಿನ ಡಾಕ್ಟರು ಕಾಲಿಗೆ ಪೂರ್ತಿ ವಿಶ್ರಾಂತಿ ಕೊಡು, ಇಲ್ಲವಾದರೆ ಮುಂದೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ಆದರೆ ತೆವಳುವ ಆಟಗಾರನಿಗೆ ಬಂದ ಬೇಡಿಕೆ ಮಲಗಿದ ಆಟಗಾರನಿಗೆ ಬರುವುದಿಲ್ಲವಲ್ಲ. ತಾವು ಮಂಡಿಗೆ ಪಟ್ಟಿ ಸುತ್ತಿಸಿ, ಸೂಜಿ ಚುಚ್ಚಿಸಿ, ಮತ್ತೆ ಮ್ಯಾಟಿಗೆ ಇಳಿಸಿ, ‘ನೋವಿನಲ್ಲೂ ನಗುವ ನಮ್ಮ ಮಾದೇಶ್’ ಎಂದು ಹಾಕಿದಿರಿ. ಅವನು ನಗುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದ. ನಾನು ಬರೆಯುವ ಸುಳ್ಳು ನನ್ನ ಅರ್ಜಿದಾರನಿಗೆ ರಜೆ ಕೊಡಿಸುತ್ತದೆ, ತಮ್ಮ ಸುಳ್ಳು ಡಾಕ್ಟರು ಬರೆದುಕೊಟ್ಟ ರಜೆಯನ್ನೂ ಕಿತ್ತುಕೊಂಡಿತು. ನಮ್ಮಿಬ್ಬರ ಕಸುಬು ಬೇರೆಯಾದದ್ದು ಅಲ್ಲಿಯೇ.

ಇಷ್ಟಾದ ಮೇಲೆ ತಾವು ತಾಯಿಯ ಮಾತು ಬೇಕೆಂದು ಮತ್ತೆ ಉಡಿಗಾಲಕ್ಕೆ ಕ್ಯಾಮೆರಾ ಕಳಿಸಿದಿರಿ. ಚಿಕ್ಕಮಲ್ಲಮ್ಮನವರು ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು, ಹೇಳಬೇಕಾದದ್ದನ್ನು ಹೇಳಿದರು. ಅವರ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. ‘ನನ್ ಮಗ ನೋವ್ಗೆ ಎದ್ರುಕತಾನೆ ಕಣ್ರಪ್ಪ. ಸೂಜಿ ಕಂಡ್ರೆ ಎದ್ರುಕತಾನೆ, ಈಗೀಗ ಆ ಮ್ಯಾಟ್ ಕಂಡ್ರೂ ಎದ್ರುಕತಾನೆ. ವಸಿ ದಿನ ಬುಟ್‌ಬುಡಿ ಅವನ್ನ. ನಿಮ್ ದಮ್ಮಯ್ಯ, ಬುಟ್‌ಬುಡಿ.’

ಇದರ ಕೆಳಗೆ ತಮ್ಮ ವಿಭಾಗವು ಶುದ್ಧ ಕನ್ನಡದಲ್ಲಿ ಮೂಡಿಸಿದ ಅಕ್ಷರಗಳು ಹೀಗಿವೆ: ‘ನನ್ನ ಮಗ ನೋವನ್ನು ಎದುರಿಸುತ್ತಾನೆ. ಸೂಜಿಯನ್ನು ಎದುರಿಸುತ್ತಾನೆ. ಮ್ಯಾಟನ್ನು ಎದುರಿಸುತ್ತಾನೆ. ಅವನನ್ನು ಬಿಟ್ಟು ನೋಡಿ!’ ದಮ್ಮಯ್ಯ ಎಂಬಲ್ಲಿ ಏನು ಬರೆಯಬೇಕೆಂದು ಹೊಳೆಯದೆ ಬೆಂಕಿಯ ಚಿತ್ರವೊಂದನ್ನು ಇಟ್ಟಿದ್ದೀರಿ.

ಮಾನ್ಯರೇ, ನಮ್ಮ ಕಡೆಯ ಬಾಯಿಗೆ ಹಕಾರ ಒಗ್ಗುವುದಿಲ್ಲ. ನಾವು ಹೋಗುವುದಿಲ್ಲ, ಓಗುತ್ತೇವೆ. ಹೆದರಿಕೊಳ್ಳುವುದಿಲ್ಲ, ಎದ್ರುಕತೀವಿ. ಒಬ್ಬ ತಾಯಿ ನುಂಗಿಕೊಂಡ ಒಂದು ಹಕಾರದಿಂದ ಮಗನ ಹೆದರಿಕೆ ತಮ್ಮಲ್ಲಿ ಶೌರ್ಯವಾಯಿತು, ಆಡಿಸದೆ ಬಿಟ್ಟುಬಿಡಿ ಎಂಬ ಬುಟ್‌ಬುಡಿ ಸವಾಲಾಯಿತು. ಇದು ತಿಳಿಯದೆ ಆದ ತಪ್ಪೋ, ತಿಳಿದೇ ಮಾಡಿಕೊಂಡ ಅನುಕೂಲವೋ ನನಗೆ ಗೊತ್ತಿಲ್ಲ. ಮಾನವೀಯ ಮುಖ ಬೇಕೆಂದು ಕೊಟ್ಟಿಗೆಯೊಳಗೆಲ್ಲ ಹುಡುಕಾಡಿದವರು ತಾವು. ಅದು ತಾನಾಗಿ ಬಂದು ಕ್ಯಾಮೆರಾದ ಎದುರು ಕೂತು ಭಯವಾಗುತ್ತಿದೆ ಎಂದಾಗ ಮಾತ್ರ ತಮಗೆ ಗುರುತು ಸಿಗಲಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ, ವಿನಯದಿಂದಲೇ ಹೇಳುತ್ತೇನೆ, ಬಹಳ ಸಿಟ್ಟು ಬಂತು.

ಬಳಗದ ವತಿಯಿಂದ ತಪ್ಪನ್ನು ತಿಳಿಸಿ ತಮ್ಮ ಪುಟಕ್ಕೆ ಬರೆದೆವು. ಉತ್ತರವಾಗಿ ಒಂದು ಕೆಂಪು ಹೃದಯವೂ, ಎದೆಯ ಮೇಲೆ ‘ಬುಟ್‌ಬುಡಿ’ ಎಂದು ಅಚ್ಚಾದ ಅಂಗಿ ಕೊಳ್ಳುವ ಆಹ್ವಾನವೂ ಬಂದವು. ಕ್ವಾರ್ಟರ್ ಫೈನಲ್ ನಡೆದ ದೂರದ ಊರಿನಲ್ಲಿ, ನಮ್ಮ ಭಾಷೆಯ ಗಂಧಗಾಳಿ ಇಲ್ಲದ ಸಾವಿರಾರು ಜನ ಅದೇ ಅಂಗಿ ತೊಟ್ಟು, ಅವನು ಮ್ಯಾಟಿಗೆ ಇಳಿದಾಗಲೆಲ್ಲ ‘ಬುಟ್‌ಬುಡಿ! ಬುಟ್‌ಬುಡಿ!’ ಎಂದು ಡ್ರಮ್ಮು ಬಾರಿಸಿದರು. ಅವನು ಪಟ್ಟಿ ಸುತ್ತಿದ ಕಾಲೆಳೆದುಕೊಂಡು ರೈಡಿಗೆ ಹೋದ. ಕೂಗಿದವರನ್ನು ದೂರುವುದಿಲ್ಲ, ಪಾಪ, ಅವರೂ ಅವನನ್ನು ಪ್ರೀತಿಸಿಯೇ ಕೂಗಿದರು.

ಈಗ ನನ್ನ ಬೇಡಿಕೆಗಳು. ನಮ್ಮ ಜಿಲ್ಲೆಯವರು ತಲತಲಾಂತರದಿಂದ ಬಿಟ್ಟ ಹಕಾರಗಳನ್ನೆಲ್ಲ ಗುಡಿಸಿ, ಗೋಣಿಚೀಲದಲ್ಲಿ ತುಂಬಿ ತಮ್ಮ ವಿಭಾಗಕ್ಕೆ ಕಳಿಸಿಕೊಡುತ್ತೇವೆ, ದಯಮಾಡಿ ಅದರಲ್ಲಿ ಒಂದನ್ನು ಚಿಕ್ಕಮಲ್ಲಮ್ಮನವರ ಎದ್ರುಕತಾನೆ ಎಂಬ ಮಾತಿನ ಮೊದಲಿಗೆ ಅಂಟಿಸಿ ಕೊಡಬೇಕು. ಅದು ಕಷ್ಟವಾದರೆ, ಕಂಪನಿಯ ಮಾಲೀಕರ ಮಾನವೀಯ ಮುಖವನ್ನಾದರೂ ಒಮ್ಮೆ ತೋರಿಸಬೇಕು, ವಿಡಿಯೋ ಎಷ್ಟು ಚಿಕ್ಕದಾದರೂ ಪರವಾಗಿಲ್ಲ, ಹುಡುಕಲು ತಡವಾದರೆ ಕಾಯುತ್ತೇವೆ. ಅದೂ ಆಗದಿದ್ದಲ್ಲಿ ಮಾದೇಶನನ್ನು ತಮ್ಮ ವಿಭಾಗದಿಂದ ತೆಗೆದು ಯಂತ್ರಗಳ ವಿಭಾಗಕ್ಕೆ ವರ್ಗಾಯಿಸಬೇಕೆಂದು ಕೋರುತ್ತೇನೆ. ಮರಿಮಲ್ಲಪ್ಪನವರ ಟ್ರ್ಯಾಕ್ಟರು ಕೆಟ್ಟರೆ ಅದನ್ನು ಗ್ಯಾರೇಜಿಗೆ ಬಿಡುತ್ತಾರೆ, ರಿಪೇರಿ ಆಗುವವರೆಗೆ ಗದ್ದೆಗೆ ಇಳಿಸುವುದಿಲ್ಲ, ಅದರ ಮುಂದೆ ಯಾರೂ ಕೊಳಲೂ ಊದುವುದಿಲ್ಲ. ಮನುಷ್ಯನೆಂದು ತೋರಿಸಿದ ಮೇಲೆ ಅವನಿಗೆ ಟ್ರ್ಯಾಕ್ಟರಿಗೆ ಸಿಗುವಷ್ಟು ಮರ್ಯಾದೆಯಾದರೂ ಸಿಗಲಿ.

ಕೊನೆಯದಾಗಿ ಒಂದು ವಿಷಯ. ಮೊನ್ನೆ ಚಿಕ್ಕಮಲ್ಲಮ್ಮನವರು ಉಡಿಗಾಲದಿಂದ ಬಸ್ಸು ಹತ್ತಿ ನನ್ನ ಮೇಜಿಗೆ ಬಂದರು. ‘ಈ ಕಬಡ್ಡಿ ಇಲಾಖೆ ಯಾವ್ ಬಿಲ್ಡಿಂಗ್ನಾಗೆ ಬತ್ತದಪ್ಪ?’ ಎಂದು ಕೇಳಿದರು. ಮಗನ ರಜೆಗೆ ಒಂದು ಅರ್ಜಿ ಕೊಡಬೇಕಿತ್ತು. ಅಂಥ ಇಲಾಖೆ ಇಲ್ಲವೆಂದು ಹೇಳುವ ಬದಲು ಕೂರಿಸಿ ಟೀ ತರಿಸಿದೆ. ಅವರ ಮುಖದಲ್ಲಿ ನಾನು ಅಂದುಕೊಂಡಷ್ಟು ದುಃಖ ಇರಲಿಲ್ಲ. ಒಂದು ಥರದ ಧೈರ್ಯವೇ ಇತ್ತು. ಅವರು ಓದು ಬಲ್ಲವರಲ್ಲ. ತಮ್ಮ ವಿಡಿಯೋದ ಕೆಳಗಿನ ಅಕ್ಷರ ಅವರಿಗೆ ಬರೀ ಗೆರೆ. ಟಿವಿಯಲ್ಲಿ ಪಂದ್ಯ ನೋಡಿದ್ದರು, ಜನ ಕೂಗಿದ್ದು ಕೇಳಿಸಿಕೊಂಡಿದ್ದರು, ಅಷ್ಟೇ.

‘ಅಷ್ಟೊಂದ್ ಜನ ಎದ್ ನಿಂತ್ಕಂಡು ಬುಟ್‌ಬುಡಿ ಬುಟ್‌ಬುಡಿ ಅಂತ ನನ್ ಪರ್ವಾಗಿ ಕೇಳ್ತಾವ್ರೆ ಕಣಪ್ಪ. ಯಾವ್ ಊರೋರೋ ಏನೋ, ಯಾರ್ ಎತ್ತ ಮಕ್ಕಳೋ, ಗಂಟ್ಲು ಅರ್ಕಂಡು ಕೇಳ್ತಾವ್ರೆ. ಇಷ್ಟ್ ಜನ ಕೇಳುದ್ ಮೇಲೆ ಬುಡ್ದೆ ಇದ್ದಾರಾ? ಅರ್ಜಿ ಕೊನೇಲಿ ಅವ್ರ್‌ಗೆಲ್ಲ ನನ್ ಕಡೆಯಿಂದ ಒಂದ್ ಕೈ ಮುಗ್ದಿವ್ನಿ ಅಂತ ಬರಿ’ ಎಂದರು.

ಬರೆದಿದ್ದೇನೆ, ಮಾನ್ಯರೇ. ಊರಿನವರ ಕಷ್ಟವನ್ನೆಲ್ಲ ಸಾಹೇಬರ ಕನ್ನಡಕ್ಕೆ ತಿರುಗಿಸಿ ಕೊಡುವವನು ನಾನು, ತಮ್ಮ ಸ್ಟೇಡಿಯಂ ಕೂಗಿದ ಆ ಒಂದು ಪದವನ್ನು ಮಾತ್ರ ಆ ತಾಯಿಗೆ ತಿರುಗಿಸಿ ಹೇಳಲು ನನ್ನಿಂದ ಆಗಲಿಲ್ಲ. ಭಾನುವಾರ ಅವರು ಟಿವಿಯ ಮುಂದೆ ಕೂತಿರುತ್ತಾರೆ, ಮಗನನ್ನು ಆಡಿಸದೆ ಬಿಟ್ಟಿರುತ್ತಾರೆಂಬ ನಂಬಿಕೆಯಲ್ಲಿ.

ತಮ್ಮ ಕನ್ನಡವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ಅರ್ಜಿ ಬರೆಯುವ ಪುಟ್ಟರಾಜು,
ಚಾಮರಾಜನಗರ.

ವಿ.ಸೂ.: ಮಂಡಿ ಪೂರ್ತಿ ಹೋದ ದಿನ ಆಸ್ಪತ್ರೆಗೆ ಕ್ಯಾಮೆರಾ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅವತ್ತು ಮಾದೇಶ್ ನಿಜವಾಗಿ ಅಳುತ್ತಾನೆ. ನಿಜವಾಗಿ ಅಳುವಾಗ ಅವನ ಮೂಗು ಸುರಿಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ತಮ್ಮ ಉಪಯೋಗಕ್ಕೆ ಬರುವ ಮುಖ ಅದಲ್ಲ.